ಮೀನಿನ ಬಿಲ್ಲೆಗೆ ನಿಕ್ಕಲ್ ಹೊಳಪು

ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಕೊಟ್ಟಿಗೆ ಬಾಚಿ, ಹಾಲು ಕರೆದು ಡೈರಿಗೆ ಕೊಟ್ಟು, ಒಲೆಗೆ ತೆಂಗಿನ ಮಟ್ಟೆ ತುರುಕಿ, ಗಂಡನಿಗೂ ಅತ್ತೆಗೂ ನೀರು ಕಾಯಿಸಿ, ಚಟ್ನಿ ಅರೆದು, ದೇವರ ಪಟಕ್ಕೆ ಒಂದು ಮೊಳ ಕನಕಾಂಬರ ಕಟ್ಟಿದರೂ ಹೊನ್ನವಳ್ಳಿಯಲ್ಲಿ ಇನ್ನೂ ಬೆಳಕು ಹರಿದಿರುತ್ತಿರಲಿಲ್ಲ. ಯಮುನಾ ಕಟ್ಟಿದ ಹೂವಿನಲ್ಲಿ ದಾರ ಕಾಣುವುದಿಲ್ಲ ಎಂದು ಊರೇ ಹೊಗಳುತ್ತಿತ್ತು. ಹೊಗಳಿದವರು ಯಾರೂ ಕೊಟ್ಟಿಗೆ ಬಾಚಲು ಬರುತ್ತಿರಲಿಲ್ಲ, ಆ ಮಾತು ಬೇರೆ.

ಆ ಕೈಚಳಕ ಕಂಡೇ ಯೋಗಿತಾ ಅವಳನ್ನು ತನ್ನ ಶೆಡ್ಡಿಗೆ ಕರೆದದ್ದು. ತಿಪಟೂರು ರಸ್ತೆಯ ಆ ಶೆಡ್ಡಿನಲ್ಲಿ ಹಿತ್ತಾಳೆಯ ಪುಟ್ಟ ಬಿಲ್ಲೆಗಳನ್ನು ನಿಕ್ಕಲ್ ನೀರಿನ ತೊಟ್ಟಿಗಿಳಿಸಿ, ಕರೆಂಟು ಹರಿಸಿ ಹೊಳಪು ಕೊಡುತ್ತಾರೆ. ಗಾಳದ ಜೊತೆ ನೀರಿನಲ್ಲಿ ಗಿರ್ರನೆ ತಿರುಗಿ ಮೀನಿನ ಕಣ್ಣು ಕುಕ್ಕುವ ಬಿಲ್ಲೆಗಳವು. ಇಷ್ಟು ದಿನ ಪ್ಯಾಕಿಂಗ್ ಮಾಡುತ್ತಿದ್ದ ಯಮುನಾಗೆ ಅಂದು ಮೊದಲ ಸಲ ತೊಟ್ಟಿಯ ಕೆಲಸ ಸಿಕ್ಕಿತ್ತು. ನಾಳೆ ಬೆಳಿಗ್ಗೆ ಬರುವ ವ್ಯಾಪಾರಿ ಸ್ಯಾಂಪಲ್ ಒಪ್ಪಿದರೆ ತೊಟ್ಟಿ ಅವಳದೇ. ಇಲ್ಲದಿದ್ದರೆ ಮತ್ತೆ ಪ್ಯಾಕಿಂಗ್.

ತಾಮ್ರದ ತಂತಿಗೆ ಬಿಲ್ಲೆಗಳನ್ನು ಕನಕಾಂಬರದ ಹಾಗೆಯೇ ಒತ್ತೊತ್ತಾಗಿ ಕಟ್ಟಿ ನಾಲ್ಕಾರು ಸರ ಮಾಡಿದಳು. ಮೊದಲ ಸರದ ಜಿಡ್ಡು ತೊಳೆದು, ಆಸಿಡ್ಡಿನಲ್ಲಿ ಅದ್ದಿ, ತೊಟ್ಟಿಗಿಳಿಸಿ ಎತ್ತಿದರೆ ಪ್ರತಿ ಬಿಲ್ಲೆಯ ಬೆನ್ನಿನಲ್ಲೂ ಹಿತ್ತಾಳೆಯ ಹಳದಿ ಮಚ್ಚೆ.

ಯೋಗಿತಾ ನಕ್ಕಳು. "ಯಮುನಕ್ಕ, ಮದುವೆ ಹಾರ ಕಟ್ಟಿದ್ದೀರಲ್ಲ. ಒಂದಕ್ಕೊಂದು ತಾಗಿದ ಕಡೆ ನಿಕ್ಕಲ್ ಕೂರಲ್ಲ. ಬೆರಳಗಲ ಜಾಗ ಬಿಡಿ." ಅಷ್ಟು ಹೇಳಿ ಸ್ಕೂಟರ್ ಹತ್ತಿ ಹೋದಳು.

ಸಂಜೆಯಾಗಿತ್ತು. ಪ್ಯಾಕಿಂಗಿನ ಕಾಳಕ್ಕ ಬ್ಯಾಗು ಹೆಗಲಿಗೇರಿಸಿದಳು. "ಉಳಿದವನ್ನೂ ಹಂಗೇ ಅದ್ದಿ, ಮುಖ ಮೇಲ್ಮಾಡಿ ಜೋಡ್ಸು ಬುಡು ಕಣೇ. ಬೆನ್ನು ಯಾರ್ ನೋಡ್ತಾರೆ?"

"ಮೀನು ನೋಡ್ತದೆ ಕಣಕ್ಕ."

"ನನ್ ಓಲೆ ಬೆನ್ನು ಕಪ್ಪಾಗಿ ಇಪ್ಪತ್ತು ವರ್ಸ ಆಯ್ತು. ನಿಮ್ ಬಾವ ಒಂದಿನ ನೋಡಿಲ್ಲ. ಮೀನಿಗೇನ್ ಬಂದಿರೋದು?"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಳಕ್ಕ ಬಸ್ ಸ್ಟಾಪಿನತ್ತ ನಡೆದಳು.

ಗಂಡ ರಂಗರಾಜುವಿನ ಫೋನು ಬಂತು. "ಬಸ್ ಹತ್ತಿದ್ಯಾ? ಇಲ್ಲಿ ಹಸಾನೂ ಕೂಗ್ತೈತೆ, ಅವ್ವಾನೂ ಕೂಗ್ತೈತೆ."

"ಯಾರಿಗೆ ಮೊದ್ಲು ಹುಲ್ಲು ಹಾಕಿದ್ರಿ?"

"ತಮಾಸೆ ಬುಡು, ಬೇಗ ಬಾ."

ಶೆಡ್ಡಿನಲ್ಲಿ ಅವಳೊಬ್ಬಳೇ ಉಳಿದಳು. ಉಳಿದ ಸರಗಳನ್ನು ಹೀಗೆಯೇ ಅದ್ದಿದರೆ ಏಳರ ಬಸ್ಸು ಸಿಗುತ್ತದೆ. ಬಿಚ್ಚಿ ಕಟ್ಟಿದರೆ ಎಂಟರ ಬಸ್ಸೇ ಗತಿ. ಮೊದಲ ಸರದ ಬಿಲ್ಲೆಯೊಂದನ್ನು ಬೆಳಕಿಗೆ ಹಿಡಿದು, ಮುಂದೆ ನೋಡಿದಳು, ಹಿಂದೆ ನೋಡಿದಳು. ಹೊರಗೆ ಕಾಳಕ್ಕನ ಬಸ್ಸು ಹಾರ್ನ್ ಹಾಕಿತು.

ಅವಳು ಗಂಡನಿಗೆ ವಾಯ್ಸ್ ಮೆಸೇಜು ಕಳಿಸಿದಳು. "ಎಂಟರ ಬಸ್ಸಿಗೆ ಬತ್ತೀನಿ. ಮುದ್ದೆ ನೀವೇ ತಿರುವಿ." ಆಮೇಲೆ ಕಟರ್ ಎತ್ತಿಕೊಂಡು ಎರಡನೆಯ ಸರದ ತಂತಿ ಕತ್ತರಿಸಿದಳು.