ಹೊಟ್ಟೆಯೊಳಗೆ ಕ್ಯಾಮೆರಾ ಹಿಡಿಯುವ ಕಂಬದಕ್ಕ

ಹೊರಗೆ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಪರೇಷನ್ ಥಿಯೇಟರಿನಲ್ಲಿ ಹೆಂಗಸೊಬ್ಬಳು ಉದ್ದನೆಯ ಲೋಹದ ನಳಿಗೆಯ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಬಿಳಿ ಬಟ್ಟೆಯ ತುಂಡಿನತ್ತ ಹಿಡಿಯುತ್ತಾಳೆ. ಎದುರಿನ ಪರದೆಯ ಮೇಲೆ ಬಟ್ಟೆಯ ಎಳೆಗಳು ಹಗ್ಗದಷ್ಟು ದಪ್ಪವಾಗಿ ಮೂಡುತ್ತವೆ. ಮೇಜಿನ ಮೇಲೆ ಮಲಗಿರುವ ರೋಗಿ ಕತ್ತು ಎತ್ತಿ ನೋಡುತ್ತಾರೆ. ಅವರ ಕಸುಬು ಗಡಿಯಾರ ರಿಪೇರಿ. ಕಾಯಿಲೆ ಹೊಟ್ಟೆಯ ಕ್ಯಾನ್ಸರ್, ಅಂದರೆ ಅನ್ನ ಅರಗಿಸುವ ಜಠರದ್ದು.

"ಅದಕ್ಕೆ ಆವಿ ಕಟ್ಟಲ್ವೇನಮ್ಮ?"

"ತಣ್ಣಗಿದ್ರೆ ಕಟ್ಟತ್ತೆ ಅಣ್ಣ. ಹೊಟ್ಟೆ ಒಳಗೆ ಬೆಚ್ಚಗಿರತ್ತಲ್ಲ, ಅದಕ್ಕೇ ಮೊದಲೇ ಕಾಯಿಸ್ಕೊಳ್ಳೋದು."

"ನಂದೂ ಇದೇ ಗೋಳು. ಭೂತಗನ್ನಡಿಗೆ ಉಸಿರು ತಾಗಿದ್ರೆ ಸಾಕು, ಎಲ್ಲಾ ಮಂಜು." ಆಮೇಲೆ ಅವರು ಶಸ್ತ್ರಚಿಕಿತ್ಸೆ ಮಾಡಲಿರುವ ಡಾಕ್ಟರಮ್ಮನ ಕಡೆ ತಿರುಗುತ್ತಾರೆ. "ರಿಪೇರಿ ಆಗೋ ಹಾಗಿದ್ರೆ ಮಾಡಿ ಡಾಕ್ಟ್ರಮ್ಮ. ಆಗದಿದ್ರೆ ಸುಮ್ನೆ ಬಿಚ್ಚಿ ಹರಡಬೇಡಿ. ಗಿರಾಕಿಗಳಿಗೆ ನಾನು ಹೇಳೋದೂ ಅದನ್ನೇ."

"ಅದನ್ನ ತಿಳ್ಕೊಳ್ಳೋಕೇ ನಮ್ಮ ಕಂಬದಕ್ಕ ಮೊದಲು ಒಳಗೆ ಹೋಗೋದು," ಎನ್ನುತ್ತಾರೆ ಡಾಕ್ಟರಮ್ಮ. ಮಾತು ಮುಗಿಯುವಷ್ಟರಲ್ಲಿ ಗಡಿಯಾರದವರಿಗೆ ಅರಿವಳಿಕೆಯ ನಿದ್ದೆ.

ಕಂಬದಕ್ಕ ಡಾಕ್ಟರಲ್ಲ, ಥಿಯೇಟರಿನ ಟೆಕ್ನಿಷಿಯನ್. ಹೊಟ್ಟೆಯನ್ನು ಉದ್ದಕ್ಕೆ ಸೀಳದೆ, ನಾಲ್ಕೈದು ಸಣ್ಣ ತೂತುಗಳಿಂದಲೇ ಮಾಡುವ ಈ ಶಸ್ತ್ರಚಿಕಿತ್ಸೆಯಲ್ಲಿ ಒಂದು ತೂತು ಇವಳದು. ಇವಳ ನಳಿಗೆಯ ಕ್ಯಾಮೆರಾ ತೋರಿಸಿದ್ದಷ್ಟೇ ಡಾಕ್ಟರಮ್ಮನಿಗೆ ಕಾಣುತ್ತದೆ. ಚಿತ್ರ ತುಸುವೂ ವಾರೆಯಾಗಬಾರದು, ಕೈ ಅಲುಗಿದರೆ ಹೊಟ್ಟೆಯೊಳಗೆ ಭೂಕಂಪ. ಮೂಗು ತುರಿಸಿದರೂ ಮುಟ್ಟುವ ಹಾಗಿಲ್ಲ. ಊಟದ ಹೊತ್ತು ಮೀರುವವರೆಗೂ ಹೀಗೆ ನಿಲ್ಲುವುದರಿಂದಲೇ ಆ ಅಡ್ಡಹೆಸರು.

ಮೊದಲು ಇವಳು ಉಪಕರಣ ತೊಳೆಯುವ ಕೋಣೆಯಲ್ಲಿದ್ದವಳು. ಮಸೂರಗಳನ್ನು ಒರೆಸಿ ಒರೆಸಿ, ಇದರಲ್ಲಿ ಏನು ಕಾಣುತ್ತದೆ ಎಂಬ ಕುತೂಹಲ ಹತ್ತಿ, ತರಬೇತಿ ಪಡೆದು ಒಳಗೆ ಬಂದಳು. ಶುರುವಿನಲ್ಲಿ ಆ ಕುತೂಹಲವೇ ಮುಳುವಾಯಿತು. ಒಮ್ಮೆ ಡಾಕ್ಟರಮ್ಮ ರಕ್ತನಾಳಕ್ಕೆ ಕ್ಲಿಪ್ಪು ಹಾಕುತ್ತಿದ್ದಾಗ ಪಕ್ಕದಲ್ಲಿ ಏನೋ ಮಿಡಿಯುವುದು ಕಂಡಿತು. ಎದೆಗೂ ಹೊಟ್ಟೆಗೂ ನಡುವಿನ ತೆಳುಪೊರೆಯ ಆಚೆ ಹೃದಯ! ಕ್ಯಾಮೆರಾ ತಾನಾಗಿಯೇ ಅತ್ತ ಹೊರಳಿತು.

"'ಏನಮ್ಮಾ, ಟೂರಿಗೆ ಬಂದಿದ್ದೀಯಾ? ನನ್ನ ಕೈಯೆಲ್ಲಿ ಹೋಯ್ತು?' ಅಂತ ಕೂಗಿಬಿಟ್ರು. ಅವತ್ತಿಂದ ಕತ್ತರಿ ಎಲ್ಲಿದ್ಯೋ ನನ್ನ ಕಣ್ಣೂ ಅಲ್ಲೇ," ಎಂದು ಅವಳು ನಗುತ್ತಾಳೆ. "ಊರು ಸುತ್ತೋಕೆ ಬಿಡೋದು ಶುರುನಲ್ಲಿ ಮಾತ್ರ. ಕಾಯಿಲೆ ಹರಡಿದ್ಯಾ ಅಂತ ಮೂಲೆ ಮೂಲೆ ತೋರಿಸ್ಬೇಕು. ಹರಡಿದ್ರೆ ಗಡ್ಡೆಗೆ ಕೈ ಹಚ್ಚಲ್ಲ. ಹಾಗೇ ಹೊಲಿದು ಕಳಿಸ್ತಾರೆ, ಔಷಧಿ ದಾರಿ ಹಿಡೀತಾರೆ."

ಮನೆಯಲ್ಲಿ ಅತ್ತೆ ದಿನಾ ಇವಳ ಹೆಗಲಿಗೆ ಎಣ್ಣೆ ತಿಕ್ಕುತ್ತಾರೆ, ಬೈಯುವುದನ್ನೂ ಬಿಡುವುದಿಲ್ಲ. "ಹೊರಲಿಲ್ಲ, ಅಗೀಲಿಲ್ಲ, ಸುಮ್ನೆ ನಿಂತು ಹೆಗಲು ನೋವು ಅಂತೀಯಲ್ಲೇ!" ಗಂಡನ ದೂರು ಬೇರೆ: "ನಮ್ಮ ಮದುವೆ ಆಲ್ಬಮ್ ತೆಗೆಯೋ ಹಾಗಿಲ್ಲ ನೋಡಿ. ಫೋಟೋ ಎಲ್ಲಾ ವಾರೆ ಅಂತಾಳೆ. ನಾನೂ ವಾರೆಯಂತೆ!"

ಗಡಿಯಾರದವರ ಹೊಟ್ಟೆಗೆ ಗಾಳಿ ತುಂಬಿ ಉಬ್ಬಿಸಿದ್ದಾರೆ. ಕ್ಯಾಮೆರಾ ಒಳಗಿಳಿಯುತ್ತದೆ. ಪಿತ್ತಕೋಶ, ಯಕೃತ್ತಿನ ಮೇಲ್ಮೈ, ಕರುಳಿನ ಸುರುಳಿಗಳ ಸಂದು, ಕೆಳಹೊಟ್ಟೆಯ ತಳ. ಎಲ್ಲ ಶುಭ್ರ. ಮತ್ತೆ ಮೇಲೆ ಬರುವಾಗ ಒಳಪದರದ ಮೇಲೆ ಅಕ್ಕಿನುಚ್ಚಿನಷ್ಟು ಬಿಳಿ ಚುಕ್ಕೆ.

"ನಿಲ್ಲಿಸು," ಎನ್ನುತ್ತಾರೆ ಡಾಕ್ಟರಮ್ಮ. "ಹತ್ತಿರ ಹೋಗು."

ಆ ನುಚ್ಚನ್ನು ಕಿತ್ತು ಲ್ಯಾಬಿಗೆ ಕಳಿಸುತ್ತಾರೆ. ವರದಿ ಬರುವವರೆಗೆ ಕಂಬದಕ್ಕ ನಳಿಗೆಯನ್ನು ಹೊರಗೆಳೆದು ಮತ್ತೆ ಬಿಸಿನೀರಿಗೆ ಅದ್ದುತ್ತಾಳೆ, ಒರೆಸುತ್ತಾಳೆ, ಮತ್ತೆ ಅದ್ದುತ್ತಾಳೆ. ಹೊರಗಿನ ಬೆಂಚಿನಲ್ಲಿ ಗಡಿಯಾರದವರ ಹೆಂಡತಿ ಕೂತಿದ್ದಾರೆ. ಬೇಗ ಬಾಗಿಲು ತೆರೆದರೆ ಒಳ್ಳೆಯ ಸುದ್ದಿಯಲ್ಲ ಎಂದು ಅವರಿಗೆ ಮೊದಲೇ ಹೇಳಲಾಗಿದೆ.

ಫೋನು ಬಡಿದುಕೊಳ್ಳುತ್ತದೆ. ನರ್ಸ್ ಕೇಳಿಸಿಕೊಂಡು ತಿರುಗುತ್ತಾಳೆ. "ಕ್ಯಾನ್ಸರ್ ಅಲ್ವಂತೆ. ಯಾವಾಗಿನದೋ ಹಳೇ ಗಾಯದ ಕಲೆಯಂತೆ."

"ಹಾಗಾದ್ರೆ ರಿಪೇರಿ ಶುರು ಮಾಡೋಣ," ಎನ್ನುತ್ತಾರೆ ಡಾಕ್ಟರಮ್ಮ.

ಇನ್ನು ಸುತ್ತಾಟ ಬಂದ್. ಕತ್ತರಿಯ ತುದಿ ಪರದೆಯ ನಟ್ಟನಡುವೆ ನಿಲ್ಲುತ್ತದೆ, ಬಿಸಿಲು ನೆತ್ತಿಗೇರಿ ಇಳಿಯುವವರೆಗೂ ಅಲ್ಲಿಂದ ಕದಲುವುದಿಲ್ಲ. ಜಠರದ ಕೆಳಭಾಗ, ಸುತ್ತಲಿನ ದುಗ್ಧಗ್ರಂಥಿಗಳ ಸಮೇತ, ಪುಟ್ಟ ಪ್ಲಾಸ್ಟಿಕ್ ಚೀಲದೊಳಗೆ ಸೇರಿ, ತುಸು ಹಿಗ್ಗಿಸಿದ ತೂತಿನಿಂದ ಹೊರಬರುತ್ತದೆ. ಉಳಿದರ್ಧವನ್ನು ಕರುಳಿಗೆ ಜೋಡಿಸಿಯಾಗಿದೆ.

ಕೈಗವಸು ಕಳಚಿ, ಹೆಗಲು ಒತ್ತಿಕೊಳ್ಳುತ್ತ ಕಂಬದಕ್ಕ ಸ್ಟೂಲಿನ ಮೇಲೆ ಕುಸಿಯುತ್ತಾಳೆ. ಏನಾದರೂ ಆಸೆ ಇದೆಯೇ ಎಂದರೆ ಮೊದಲು ಒಂದು ಲೋಟ ನೀರು ಕೇಳುತ್ತಾಳೆ. ಕುಡಿದಾದ ಮೇಲೆ ಮೆಲ್ಲಗೆ ಹೇಳುತ್ತಾಳೆ:

"ಎಷ್ಟೋ ಜನರ ಹೊಟ್ಟೆ ಒಳಗಿಂದ ನೋಡಿದ್ದೀನಿ. ಆಮೇಲೆ ಅವರು ಕೂತು ತಿನ್ನೋದನ್ನ ಮಾತ್ರ ಒಂದು ಸಲಾನೂ ನೋಡಿಲ್ಲ. ವಾರ್ಡು ಮೇಲಿನ ಮಹಡಿ, ಅಲ್ಲಿ ನಮಗೆ ಕೆಲಸ ಇಲ್ಲ. ಈ ಅಣ್ಣ ಮೊದಲ ತುತ್ತು ಬಾಯಿಗಿಡೋವಾಗ ಯಾರಾದ್ರೂ ನಂಗೊಂದು ಕೂಗು ಹಾಕ್ಲಿ. ಬಾಗಿಲಲ್ಲೇ ಇಣುಕಿ ಬಂದ್ಬಿಡ್ತೀನಿ."