ಅವಧೂತನ ಮುಖ

ಸಾವಿರದ ಒಂಬೈನೂರಾ ಎರಡರಲ್ಲಿ ಅವಧೂತ ಹುಟ್ಟಿದ್ದು ಮೂಲಾ ನಕ್ಷತ್ರದಲ್ಲಿ. ಅಂಥ ಕೂಸು ಹೆತ್ತವರಿಗೆ ಆಗುವುದಿಲ್ಲವಂತೆ. ಬಾಣಂತನದಲ್ಲಿ ತಾಯಿ ಹೋದಳು, ವರ್ಷದೊಳಗೆ ಧಾರವಾಡದ ಪ್ಲೇಗಿನಲ್ಲಿ ತಂದೆ. ಓಣಿಗೆ ಓಣಿಯೇ ಖಾಲಿಯಾಗಿತ್ತು, ಆದರೂ ದೋಷ ಮಾತ್ರ ತೊಟ್ಟಿಲಲ್ಲಿ ಮಲಗಿದ್ದವನ ತಲೆಗೆ! ಪುಣೆಯ ಸದಾಶಿವ ಪೇಠೆಯಲ್ಲಿ ವಕೀಲರಾಗಿದ್ದ ಚಿಕ್ಕಪ್ಪ, ಕಾಕಾ ಬಿಂದುಮಾಧವರಾಯರು ಅವನನ್ನು ತಂದು ಸಾಕಿದರು. ಸಾಕಿದರು ಎನ್ನಬೇಕು, ಮತ್ತೇನು ಎನ್ನುವುದು? ಕಾಕಾ ಕೋರ್ಟಿಗೆ ಹೊರಟರೆ ಅವರ ಹೆಂಡತಿ ಕಾಕೂ ಕೃಷ್ಣಾಬಾಯಿ ಕೂಗುತ್ತಿದ್ದಳು: "ಏ ಅವಧೂತ, ಮುಖಾ ತೋರಸಬ್ಯಾಡ, ಒಳಗ ನಡಿ!" ಹುಡುಗ ಕಟ್ಟಿಗೆ ಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದ. ಕೇಸು ಸೋತ ದಿನ ಆ ಕೋಣೆಗೆ ಹೊರಗಿನಿಂದ ಚಿಲಕ, ಹುಡುಗನಿಗೆ ಉಪವಾಸ. ಕಾಕೂನವೂ ಎರಡು ಕೂಸು ಹೋಗಿದ್ದವು, ಅವಳ ಹೆದರಿಕೆ ಸುಳ್ಳಲ್ಲ. ಆದರೆ ಹುಡುಗ ಆ ಹೆದರಿಕೆಯನ್ನೇ ಉಂಡು ಬೆಳೆದ.

ಇಂದೂ ಎಂಬ ಹುಡುಗಿ ಅವನನ್ನು ಮದುವೆಯಾದಾಗ ಅವನು ಶನಿವಾರ ಪೇಠೆಯ ಒಂದು ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ. ದಿನವಿಡೀ ಗೋಡೆ ಕಡೆ ತಿರುಗಿ ಮಾಡುವ ಕೆಲಸ, ಅದಕ್ಕೇ ಹಿಡಿಸಿತ್ತು. ಮಾತು ಕಡಿಮೆ, ಬೈಗುಳವಂತೂ ಇಲ್ಲವೇ ಇಲ್ಲ. ಕಾತ್ರಜ ಕೆರೆಯ ನೀರು ಬರುವ ಕಲ್ಲುತೊಟ್ಟಿಯಿಂದ ಹೆಂಡತಿಗೆ ಕೊಡ ಎತ್ತಿಕೊಡುವ ಗಂಡ, ಹತ್ತಾರು ಸಂಸಾರಗಳಿದ್ದ ಆ ವಾಡೆಯಲ್ಲಿ ಇನ್ಯಾರಿಗಿದ್ದ? ಇಂದೂ ಅವನನ್ನು ಮನಸಾರೆ ಮೆಚ್ಚಿಕೊಂಡಳು.

ಅವಳು ಬಸುರಾದಾಗ ಶುರುವಾಯಿತು. ಓಣಿಯ ಜನ ತನ್ನನ್ನು ಕಂಡರೆ "ಆಲಾ, ಆಲಾ, ತೋಂಡ ಫಿರವಾ", ಬಂದ, ಮುಖ ತಿರುಗಿಸಿರಿ ಎನ್ನುತ್ತಾರೆ ಎಂದ. ಇಂದೂ ಜೊತೆಗೇ ನಡೆದು ನೋಡಿದಳು.

"ಯಾರೂ ಏನೂ ಅಂದಿಲ್ರೀ."

"ನಿನಗ ಕೇಳಸಂಗಿಲ್ಲ. ಈಗ ಕಾಕೂ ಅಂದ್ಲು."

ಕಾಕೂ ತೀರಿಕೊಂಡು ಎಷ್ಟೋ ವರ್ಷವಾಗಿತ್ತು.

ಮಗ ಪ್ರಲ್ಹಾದ ಹುಟ್ಟಿದ. ಅಪ್ಪ ತೊಟ್ಟಿಲ ಹತ್ತಿರ ಸುಳಿಯಲಿಲ್ಲ. ಧೋತರದಿಂದ ಮುಖ ಮುಚ್ಚಿಕೊಂಡು ಓಡಾಡತೊಡಗಿದ, ಛಾಪಖಾನೆಯವರು ಮನೆಗೆ ಕಳಿಸಿದರು. ಇಂದೂಗೆ ಬೇಕಾಗಿದ್ದು ಒಂದೇ: ಅವನು ಒಮ್ಮೆ ಮಗನ ಮುಖ ನೋಡಬೇಕು. ನೋಡಿದರೆ ಎಲ್ಲ ನೆಟ್ಟಗಾಗುತ್ತದೆ ಎಂದು ಆ ಪಾಪದ ಹುಡುಗಿ ನಂಬಿಬಿಟ್ಟಿದ್ದಳು.

ದೋಷದ ಕೂಸನ್ನು ತಂದೆ ನೇರವಾಗಿ ನೋಡದೆ ಎಣ್ಣೆಯ ಬಟ್ಟಲಲ್ಲಿ ಅದರ ಬಿಂಬ ನೋಡುವ ಪದ್ಧತಿಯುಂಟು, ನೋಡಿದರೆ ದೋಷ ಕಳೆಯಿತು. ಪ್ರಲ್ಹಾದನಿಗೆ ಯಾವ ದೋಷವೂ ಇರಲಿಲ್ಲ. ಆದರೂ ಇಂದೂ ಕಂಚಿನ ಬಟ್ಟಲಿಗೆ ಎಣ್ಣೆ ಸುರಿದು, ಕೂಸನ್ನು ಅದರ ಮೇಲೆ ಹಿಡಿದು ಬೇಡಿಕೊಂಡಳು: "ಇದರಾಗ ನೋಡ್ರಿ. ಯಾರಿಗೂ ಏನೂ ಆಗಂಗಿಲ್ಲ."

ಅವಧೂತ ಬಗ್ಗಿದ. ಎಣ್ಣೆಯಲ್ಲಿ ಮಗನ ಮುಖ ಕಂಡಿತು, ಪಕ್ಕದಲ್ಲೇ ತನ್ನದೂ. ಅಯ್ಯೋ, ಅಷ್ಟು ಸಣ್ಣ ವಿಷಯ ಅವಳಿಗೆ ಹೊಳೆಯಲಿಲ್ಲವಲ್ಲ!

"ಕೂಸು ನನ್ನ ನೋಡಿಬಿಡ್ತು! ಸಾಯ್ತದ, ಇಂದೂ, ಸಾಯ್ತದ!"

ಚೀರುತ್ತ ಬಟ್ಟಲನ್ನು ಒದ್ದ, ಉಗುರಿನಿಂದ ಮುಖ ಪರಚಿಕೊಳ್ಳತೊಡಗಿದ. ವಾಡೆಯ ಗಂಡಸರು ಹಿಡಿದು ಕಟ್ಟಿ, ಟಾಂಗಾದಲ್ಲಿ ಯರವಡೆಯ ಹುಚ್ಚಾಸ್ಪತ್ರೆಗೆ ಒಯ್ದರು.

ಕೂಸು ಸಾಯಲಿಲ್ಲ. ಇಂದೂ ಕಂಡವರ ಮನೆಯಲ್ಲಿ ಅಡಿಗೆ ಮಾಡಿ ಸಾಕಿದಳು. ಮಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕಂಬಿಯ ಹೊರಗೆ ನಿಂತು ಹೇಳುತ್ತಿದ್ದಳು: "ಇತ್ಲಾಗ ನೋಡ್ರಿ, ಪ್ರಲ್ಹಾದ ಬಂದಾನ. ಸಾಲಿಗೆ ಹೋಗ್ತಾನ." ಅವನು ಗೋಡೆಯಿಂದ ತಿರುಗುತ್ತಿರಲಿಲ್ಲ.

"ಸುಳ್ಳು ಹೇಳಬ್ಯಾಡ. ಅಂವ ಅವತ್ತೇ ಸತ್ತಾನ."

ಪ್ರಲ್ಹಾದ ಮ್ಯಾಟ್ರಿಕ್ ಓದುವಾಗ ಆಸ್ಪತ್ರೆಯಿಂದ ಅವಧೂತನ ಹೆಣ ವಾಡೆಗೆ ಬಂತು. ಅಂಗಳದಲ್ಲಿಳಿಸಿ ಮುಸುಕು ತೆಗೆದರು. ಹುಡುಗ ಅಪ್ಪನ ಮುಖವನ್ನು ಸರಿಯಾಗಿ ಕಂಡದ್ದು ಅಂದೇ. ಪಕ್ಕದಲ್ಲಿ ಕೂತು ನೋಡಿದ, ನೋಡುತ್ತಲೇ ಇದ್ದ.

"ಅವ್ವಾ, ಅಪ್ಪ ಥೇಟ್ ನನ್ನಂಗನ ಇದ್ದಾರಲ್ಲ!"

ಇಂದೂ ಮಗನ ಕಡೆ ನೋಡಿದಳು. ಹೌದು, ಅದೇ ಹಣೆ, ಅವೇ ಕಣ್ಣು. "ಹಂಗನ್ನಬ್ಯಾಡೋ" ಎಂದು ಗದರಿಸಿ, ಅವಳು ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡಳು.