ದಿನವಿಶೇಷದಲ್ಲಿ ಅವ್ವನ ಹೆಸರು

ಬೆಳಿಗ್ಗೆ ಶಿಕಾರಿಪುರದ ಶಾಲೆಯೊಂದರ ಮುಂದೆ ಹಾದುಹೋಗುವಾಗ ಮೈಕಿನಲ್ಲಿ ಮಗುವೊಂದು ದಿನವಿಶೇಷ ಓದುತ್ತಿತ್ತು. ನನ್ನ ಕಾಲು ಅಲ್ಲೇ ನಿಂತಿತು.

ನಾವು ಚಿಕ್ಕವರಿದ್ದಾಗ ಒಂದು ದಿನ, ನಮ್ಮೂರ ಶಾಲೆಯ ಪ್ರಾರ್ಥನೆಯಲ್ಲಿ ದಿನವಿಶೇಷ ಓದುವ ಸರದಿ ಅಕ್ಕನದು. ಆ ದಿನ ಹುಟ್ಟಿದ ಮಹನೀಯರು, ತೀರಿಕೊಂಡವರು ಎಲ್ಲರನ್ನೂ ಓದಿದ ಮೇಲೆ ಅದೇ ದನಿಯಲ್ಲಿ, "ಕುರಿ ಕಾಯುತ್ತಿದ್ದ ನಮ್ಮವ್ವ ಹನುಮವ್ವ ಹೋದ ವರ್ಷ ಇದೇ ದಿನ ನಿಧನರಾದರು" ಎಂದಳು. ಯಾರೋ ಕಿಸಕ್ಕೆಂದರು. ಮೇಷ್ಟ್ರು ಗದರಲಿಲ್ಲ, ತಲೆ ತಗ್ಗಿಸಿ ನಿಂತರು. ಆಮೇಲೆ ಎಲ್ಲರೂ ಹಾಗೇ ನಿಂತೆವು.

ಸಂಜೆ ಕುರಿ ಹೊಡೆದುಕೊಂಡು ಬಂದ ಅಪ್ಪನಿಗೆ ಹೇಳಿದೆ. ಹೆಗಲ ಕಂಬಳಿ ಇಳಿಸಿ, "ಎಲ್ಲರ ಮುಂದೆ ಅವಳ ಹೆಸರು ಹೇಳಿದ್ಲಾ?" ಎಂದು ಕೇಳಿದ. ಹೂಂ ಎಂದೆ. ಅವ್ವನನ್ನು ಮಣ್ಣು ಮಾಡಿದ ದಿನವೂ ಅಳದಿದ್ದವನು ಹಟ್ಟಿಯ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತ.

ಈಗ ಅಪ್ಪನೂ ಇಲ್ಲ. ಶಿಕಾರಿಪುರದ ಆ ಶಾಲೆಯ ಮುಂದಿನಿಂದಲೇ ಅಕ್ಕನಿಗೆ ಫೋನ್ ಮಾಡಿದೆ. "ಏನೋ?" ಅಂದಳು. ಫೋನನ್ನು ಮೈಕಿನ ದನಿಯತ್ತ ಹಿಡಿದೆ.